ಪಾಪು ಸ್ನಾನದ ಫೋಟೋ ವಿಷ್ಯಕ್ಕೆ, ಮಗಳಿಗೆ

ಪುಟ್ಟೀ,

ಏರ್‌ಪೋರ್ಟಿಗೆ ಹೊರಡೋವಾಗ ನೀನು ಸರಿಯಾಗಿ ಮಾತಾಡ್ಲಿಲ್ಲ, ನಾನೂ ಮಾತಾಡಿಸ್ಲಿಲ್ಲ. ಅಳಿಯಂದ್ರ ಮುಂದೆ ಬೈದೆ ಅಂತ ಸಿಟ್ಟು, ಗೊತ್ತು. ಜೋರು ದನಿ ನನ್ನ ಹುಟ್ಟುಗುಣ, ಅದಕ್ಕೆ ಬೇಕಾದ್ರೆ ಸಾರಿ. ವಿಷ್ಯಕ್ಕೆ ಮಾತ್ರ ಸಾರಿ ಕೇಳಲ್ಲ. ಪಾಪು ಎಣ್ಣೆಸ್ನಾನದ ವಿಡಿಯೋನ ಸ್ಟೇಟಸ್‌ಗೆ ಹಾಕೋ ಅಂಥದ್ದೇನಿತ್ತು?

ಫೋಟೋ ತೆಗೀಬೇಡ ಅಂತಲ್ಲ ಕಣೇ. ನಿನ್ನೆ ರಾತ್ರಿ ಒಬ್ಳೇ ಕೂತು ನೀನು ತೆಗ್ದಿದ್ದೆಲ್ಲ ನೋಡ್ದೆ. ಬಚ್ಚಲುಮನೇದು ಒಂದಿದ್ಯಲ್ಲ, ಅಜ್ಜಿ ಮಣೆ ಮೇಲೆ ಕಾಲು ನೀಡಿ ಕೂತಿರೋದು, ಪಾಪು ಆ ಕಾಲ ಮೇಲೆ ಬೋರಲು, ಗಾಜಿನ ಹೆಂಚಿಂದ ಬಿಸಿಲು ಹಬೆಯೊಳಗೆ ಇಳಿದು ಬೆನ್ನ ಮೇಲಿನ ಕಡ್ಲೆಹಿಟ್ಟು ಕೂಡ ಕಾಣುತ್ತೆ, ಮುಖ ಮಾತ್ರ ಕಾಣಲ್ಲ. ಫ್ಲಾಶ್ ಇಲ್ಲ. ತಣ್ಣಗಿರೋ ಲೆನ್ಸ್ ಮೇಲೆ ಹಬೆ ಕೂರುತ್ತೆ ಅಂತ ಫೋನನ್ನ ಮೊದ್ಲೇ ಹಂಡೆ ಪಕ್ಕದ ಗೂಡಲ್ಲಿಟ್ಟು ಬೆಚ್ಚಗೆ ಮಾಡ್ಕೊಂಡಿದ್ದೆ, ಅದೆಲ್ಲ ಯಾರು ಹೇಳ್ಕೊಟ್ರೋ! ನೀನು ಪಾಪು ಆಗಿದ್ದಾಗ 36 ಫೋಟೋದ ರೀಲು, ಮುಗಿಯೋಕೆ ದೀಪಾವಳಿಯಿಂದ ಯುಗಾದಿ ಬೇಕಿತ್ತು.

ಆದ್ರೆ ಆ ಫೋಟೋ ಆಗಿದ್ದು ಅಜ್ಜಿ ಎರಡೂ ಕೈ ಪಾಪು ಮೇಲಿದ್ದಿದ್ದಕ್ಕೆ. ಮ್ಯೂನಿಕ್‌ನಲ್ಲಿ ಅಜ್ಜಿ ಎಲ್ಲಿ? ಅಳಿಯಂದ್ರು ಆಫೀಸಿಗೆ ಹೋದ್ಮೇಲೆ ನೀನು, ಪಾಪು, ಟಬ್ಬು, ಫೋನು. ನಂಗೆ ಇದೇ ತಲೇಲಿ ಓಡ್ತಿದೆ, ನಿದ್ದೆ ಬರ್ತಿಲ್ಲ. ಎಣ್ಣೆ ಹಚ್ಚಿದ ಮಗು ಹಲಸಿನ ಬೀಜದ ಥರ ಜಾರುತ್ತೆ, ಒಂದೇ ಕೈಲಿ ಹಿಡಿದು ಇನ್ನೊಂದರಲ್ಲಿ ಫೋನು ಅಂದ್ರೆ ಮುಗೀತು. ಸ್ಟ್ಯಾಂಡಿಗೆ ಹಾಕ್ತೀನಿ ಅಂತೀಯ, ಹಾಕಿದ್ರೂ ಕಣ್ಣು ಸ್ಕ್ರೀನ್ ಕಡೆಗೇ ಹೋಗುತ್ತೆ, ನಂಗೊತ್ತಿಲ್ವಾ. ಮಗು ಮುಳುಗೋಕೆ ಎರಡಿಂಚು ನೀರು ಸಾಕು ಕಣೇ. ಮಗು ಮುಳುಗೋವಾಗ ಕಿರುಚಲ್ಲ, ಸದ್ದೇ ಆಗಲ್ಲ. ಬಾಗಿಲು ಬೆಲ್ಲಾದ್ರೆ ಆಗ್ಲಿ, ನನ್ನದೇ ಫೋನ್ ಬಂದ್ರೂ ಎತ್ಬೇಡ. ಎತ್ಲೇಬೇಕು ಅನ್ಸಿದ್ರೆ ಪಾಪುನ ಟವೆಲ್ಲಲ್ಲಿ ಸುತ್ತಿ ಎತ್ಕೊಂಡೇ ಹೋಗು. ನೀರು 37 ಡಿಗ್ರಿ, ಅಂಗೈಯಲ್ಲಲ್ಲ, ಮೊಣಕೈ ಅದ್ದಿ ನೋಡು. ಫೋಟೋ ಬೇಕಂದ್ರೆ ಭಾನುವಾರ ಅಳಿಯಂದ್ರು ಎರೀಲಿ, ನೀನು ತೆಗಿ, ಅವ್ರೂ ಕಲೀಲಿ. ಮತ್ತೆ ಶುರು ಮಾಡಿದ್ಳು ಅಮ್ಮ ಅಂತೀಯೇನೋ, ಅನ್ನು. ಆದ್ರೆ ಫೋನು ದೂರ ಇಡು.

ಇನ್ನು ಸ್ಟೇಟಸ್. 2024ರಲ್ಲಿ ಗುಜರಾತ್ ಹೈಕೋರ್ಟಿಗೆ ಒಬ್ಬ ಇಂಜಿನಿಯರ್ ಹೋಗಿದ್ದ, ಪೇಪರಲ್ಲಿ ಬಂದಿತ್ತು. ತಾನು ಎರಡು ವರ್ಷದವನಿದ್ದಾಗ ಅಜ್ಜಿ ಸ್ನಾನ ಮಾಡಿಸ್ತಿದ್ದ ಫೋಟೋನ ಗೂಗಲ್ ಡ್ರೈವ್‌ಗೆ ಹಾಕಿದ್ದಕ್ಕೆ ಅಶ್ಲೀಲ ಅಂತ ಅಕೌಂಟೇ ಬ್ಲಾಕಾಯ್ತು, ಈಮೇಲೂ ಹೋಯ್ತು ಅಂತ ಅವನ ಅಳಲು. ಅಜ್ಜಿ ಪ್ರೀತಿ ಮೆಶೀನಿಗೇನು ಗೊತ್ತು. ಮೆಶೀನು ಹಾಳಾಗ್ಲಿ, ಸ್ಕ್ರೀನ್‌ಶಾಟ್ ಹೊಡ್ಕೊಳ್ಳೋರು ಯಾರ್ಯಾರೋ. ನಾಳೆ ಪಾಪು ಸ್ಕೂಲಿಗೆ ಹೋಗೋವಾಗ ಆ ವಿಡಿಯೋ ಯಾರ ಫೋನಲ್ಲಿರುತ್ತೋ ನಿಂಗೆ ಗೊತ್ತಾ? ಪ್ರಿಂಟ್ ಹಾಕ್ಸಿ ಆಲ್ಬಮ್ ಮಾಡು, ದುಡ್ಡು ನಾನು ಕೊಡ್ತೀನಿ.

ಕೊಬ್ಬರಿ ಎಣ್ಣೆ ನೀಲಿ ಟವೆಲ್ಲಲ್ಲಿ ಸುತ್ತಿ ದೊಡ್ಡ ಸೂಟ್‌ಕೇಸಲ್ಲಿಟ್ಟಿದೀನಿ. ಮೂಗಿಗೆ, ಕಿವಿಗೆ ಬಿಡ್ಬೇಡ, ಡಾಕ್ಟ್ರು ಬೇಡ ಅಂದಿದಾರೆ, ಅಜ್ಜಿ ಏನೇ ಅನ್ಲಿ. ಭಾನುವಾರದ ಫೋಟೋ ಬರೀ ಪಾದದ್ದಾದ್ರೂ ಪರ್ವಾಗಿಲ್ಲ, ನಂಗೊಬ್ಳಿಗೇ ಕಳ್ಸು, ಫ್ಯಾಮಿಲಿ ಗ್ರೂಪಿಗೆ ಬೇಡ, ನಿನ್ನ ದೊಡ್ಡಮ್ಮ ಊರಿಗೆಲ್ಲ ಫಾರ್ವರ್ಡ್ ಮಾಡ್ತಾಳೆ.

ಅಮ್ಮ