ಈ ವಾರದ ಆಟ: ಎರಡು ಗೇರ್, ಒಂದು ಹಿಡಿಕೆ

ಎಲ್ಲರಿಗೂ ನಮಸ್ಕಾರ. ಈ ವಾರ ಮಕ್ಕಳ ಜೊತೆ ಕೂತು ಲೆಗೋ ಟೆಕ್ನಿಕ್ (ಗೇರ್ ಅಂದರೆ ಹಲ್ಲಿನ ಚಕ್ರ, ಕಡ್ಡಿ ಎಲ್ಲ ಇರುವ ಜೋಡಿಸುವ ಆಟಿಕೆ) ತುಂಡುಗಳಲ್ಲಿ ಕೈಯಿಂದ ತಿರುಗಿಸುವ ಸಣ್ಣ ಯಂತ್ರವೊಂದನ್ನು ಕಟ್ಟೋಣ. ಮೋಟಾರ್ ಬೇಡ. ಕ್ರೇನು, ಲಾರಿ ಅಂತ ದೊಡ್ಡದಕ್ಕೆ ಈಗಲೇ ಕೈ ಹಾಕಬೇಡಿ, ಅರ್ಧಕ್ಕೇ ನಿಲ್ಲುತ್ತದೆ.

ತೂತಿರುವ ಎರಡು ಉದ್ದ ಇಟ್ಟಿಗೆಗಳನ್ನು ಎದುರುಬದುರು ಗೋಡೆಯಂತೆ ನಿಲ್ಲಿಸಿ. ಎರಡು ಆಕ್ಸಲ್ ಕಡ್ಡಿ ತೂರಿಸಿ, ನಡುವೆ ಒಂದು ತೂತು ಖಾಲಿ ಬಿಡಿ. ಒಂದಕ್ಕೆ 8 ಹಲ್ಲಿನ ಗೇರ್, ಇನ್ನೊಂದಕ್ಕೆ 24 ಹಲ್ಲಿನದು. ಹಲ್ಲುಗಳು ಸರಿಯಾಗಿ ಕೂರುತ್ತವೆ. ಹಿಡಿಕೆಯನ್ನು ಮೊದಲು ಚಿಕ್ಕ ಗೇರ್ ಇರುವ ಕಡ್ಡಿಗೆ ಹಾಕಿ.

ತಿರುಗಿಸುವ ಮುಂಚೆ ಮಕ್ಕಳನ್ನು ಕೇಳಿ: ಚಿಕ್ಕದು ಎಷ್ಟು ಸುತ್ತು ಸುತ್ತಿದರೆ ದೊಡ್ಡದು ಒಂದು ಸುತ್ತು? ಉತ್ತರ ಮೂರು. ಆದರೆ ನೀವು ಹೇಳಬೇಡಿ, ದೊಡ್ಡ ಗೇರ್‌ನ ಒಂದು ಹಲ್ಲಿಗೆ ಗುರುತು ಹಾಕಿ ಅವರೇ ಎಣಿಸಲಿ. ಆಮೇಲೆ ಹಿಡಿಕೆಯನ್ನು ದೊಡ್ಡದಕ್ಕೆ ಹಾಕಿ ನೋಡಿ. ಈಗ ವೇಗ ಜಾಸ್ತಿ, ಆದರೆ ಕೈಗೆ ಬಿಗಿ. ಎರಡೂ ಒಂದಕ್ಕೊಂದು ವಿರುದ್ಧ ದಿಕ್ಕಿಗೆ ತಿರುಗುತ್ತವೆ ಅಲ್ವಾ? ನಡುವೆ ಇನ್ನೊಂದು ಗೇರ್ ಸೇರಿಸಿದರೆ ಎರಡೂ ಒಂದೇ ದಿಕ್ಕು, ಲೆಕ್ಕ ಮಾತ್ರ ಹಾಗೇ.

ಸಿಕ್ಕಿಹಾಕಿಕೊಂಡರೆ ಗೇರ್ ಗೋಡೆಗೆ ಒತ್ತಿಕೊಂಡಿದೆಯಾ ನೋಡಿ, ಕೂದಲೆಳೆಯಷ್ಟು ಜಾಗ ಬಿಡಿ. ನಾನು ಸುಮ್ನೆ ಅರ್ಧ ಗಂಟೆ ಹಲ್ಲು ಎಣಿಸುತ್ತಾ ಕೂತಿದ್ದೆ, ಮಗಳು ಬಂದು ಕಡ್ಡಿಯನ್ನು ಸ್ವಲ್ಪ ಎಳೆದಳು, ಆಯ್ತು!

ಮೂರು ವರ್ಷದೊಳಗಿನ ಮಕ್ಕಳಿದ್ದರೆ ಸಣ್ಣ ತುಂಡುಗಳು ಅವರ ಕೈಗೆ ಸಿಗದಿರಲಿ. ತಿರುಗುವ ವಿಡಿಯೋ ಇಲ್ಲಿ ಹಾಕಿ. ತಿರುಗದಿದ್ದರೂ ಹಾಕಿ.