ಹಬ್ಬದ ಕರಕುಶಲ ಮೇಳ ಒಂದು ತಿಂಗಳು ಮೊದಲೇ ನಡೆಯಲಿ

ಮಾನ್ಯ ಸಂಪಾದಕರಿಗೆ,

ದೀಪಾವಳಿಯಿಂದ ಗೌರಿ ಹುಣ್ಣಿಮೆಯವರೆಗಿನ ಹದಿನೈದು ದಿನ ನಮ್ಮ ಕೊಪ್ಪಳ ಸೀಮೆಯಲ್ಲಿ ಕೊಡು-ಕೊಳ್ಳುವ ಕಾಲ. ಮದುವೆ ನಿಶ್ಚಯವಾದ ಹುಡುಗಿಯ ಮನೆಗೆ ಗಂಡಿನ ಕಡೆಯವರು ಸಕ್ಕರೆ ಆರತಿ (ಅಚ್ಚಿಗೆ ಹೊಯ್ದು ಮಾಡಿದ ಸಕ್ಕರೆಯ ಗೊಂಬೆಗಳು), ಸೀರೆ ಒಯ್ಯುತ್ತಾರೆ; ಹೆಣ್ಣುಮಕ್ಕಳು ತವರಿಗೆ ಬಂದು ಹೋಗುತ್ತಾರೆ; ಬರಿಗೈಯಲ್ಲಿ ಯಾರೂ ಯಾರ ಮನೆಯ ಹೊಸ್ತಿಲನ್ನೂ ದಾಟುವುದಿಲ್ಲ. ಇದೇ ದಿನಗಳಲ್ಲಿ ಕರಕುಶಲ ವಸ್ತುಗಳ ಮಾರಾಟ ಮೇಳಗಳೂ ನಡೆಯುತ್ತವೆ. ಇವು ನಡೆಯುವ ಸಮಯವೇ ತಪ್ಪಾಗಿದೆ ಎಂಬುದು ಕಳೆದ ವರ್ಷದ ನನ್ನ ಅನುಭವದಿಂದ ತಿಳಿದ ಕಾರಣ ಈ ಪತ್ರ ಬರೆಯುತ್ತಿದ್ದೇನೆ.

ಕಳೆದ ವರ್ಷ ನನ್ನ ಮಗನಿಗೆ ಸಿಂಧನೂರು ಕಡೆಯ ಸಂಬಂಧ ಗೊತ್ತಾಗಿತ್ತು. ಮೊದಲ ಗೌರಿ ಹುಣ್ಣಿಮೆಗೆ ಸಕ್ಕರೆ ಆರತಿಯ ಜೊತೆಗೆ, ಕಟ್ಟಿಗೆಯ ಗೊಂಬೆಗಳಿಗೆ ಹೆಸರಾದ ನಮ್ಮ ಪಕ್ಕದ ಕಿನ್ನಾಳ ಊರಿನ ಗೌರಿಯನ್ನು ಕೊಡಬೇಕೆಂಬ ಆಸೆಯಿಂದ, ಹುಣ್ಣಿಮೆ ಇನ್ನು ಎಂಟು ದಿನ ಇರುವಾಗ ಜಿಲ್ಲೆಯೊಳಗೇ ನಡೆದ ಒಂದು ಮೇಳಕ್ಕೆ ಹೋದೆ. ‘ಕಿನ್ನಾಳದ್ದ ಐತ್ರೀ ಅಕ್ಕಾರ’ ಎಂದು ಅಂಗಡಿಯವರು ಕೊಟ್ಟ ಗೊಂಬೆಯನ್ನು ಕೈಗೆತ್ತಿಕೊಂಡ ಕೂಡಲೇ ಅನುಮಾನ ಬಂತು. ಕಿನ್ನಾಳದ ಗೊಂಬೆ ನೋಡಲು ತುಂಬಿಕೊಂಡಂತಿದ್ದರೂ ಕೈಗೆ ಹಗುರ. ಇದು ಗುಂಡುಕಲ್ಲಿನಂತೆ ಭಾರವಾಗಿತ್ತು. ಪೀಠದ ಅಂಚು ಒಂದಿಷ್ಟು ಒಡೆದಿದ್ದ ಕಡೆ ಬೆರಳಾಡಿಸಿದರೆ ಬಿಳಿ ಪುಡಿ ಅಂಟಿತು. ಅಚ್ಚಿಗೆ ಹಾಕಿ ತೆಗೆದ ಪ್ಲಾಸ್ಟರ್ ಗೊಂಬೆಯದು. ಏನು ಕಟ್ಟಿಗೆ, ಯಾರು ಮಾಡಿದ್ದು ಎಂದು ಕೇಳಿದರೆ ಅವರಲ್ಲಿ ಉತ್ತರವಿರಲಿಲ್ಲ. ಮಾಲು ಎಲ್ಲಿಂದಲೋ ಬರುತ್ತದೆ, ಮಾರುವುದಷ್ಟೇ ಅವರ ಕೆಲಸ.

ಮರುದಿನ ಕಿನ್ನಾಳಕ್ಕೇ ಹೋದೆ. ಕೊಪ್ಪಳದಿಂದ ಹತ್ತು-ಹದಿನೈದು ಕಿಲೋಮೀಟರ್ ದೂರದ ಊರಿಗೆ ನಾನು ಅದೇ ಕೆಲಸಕ್ಕೆಂದು ಹೋದದ್ದು ಅದೇ ಮೊದಲು ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಅಲ್ಲಿ ಗೊಂಬೆ ಮಾಡುವ ಚಿತ್ರಗಾರರ ಮನೆಯೊಂದರ ಪಡಸಾಲೆಯಲ್ಲಿ ಕುಳಿತು ನೋಡಿದಾಗ ಇದು ಮೇಳದ ಹಿಂದಿನ ದಿನ ಮುಗಿಸಿ ತರುವ ಕೆಲಸವಲ್ಲವೆಂದು ಅರ್ಥವಾಯಿತು. ಚನ್ನಪಟ್ಟಣದಲ್ಲಿ ಮರವನ್ನು ತಿರುಗುವ ಚರಕಿಗೆ (ಲೇತ್) ಕೊಟ್ಟು ಕಡೆದು, ತಿರುಗುತ್ತಿರುವಾಗಲೇ ಅರಗಿನ ಬಣ್ಣ ಕೊಡುತ್ತಾರೆ. ಕಿನ್ನಾಳದ ದಾರಿಯೇ ಬೇರೆ. ಹಗುರ ಮರದ ತುಂಡುಗಳನ್ನು ಬೇರೆ ಬೇರೆಯಾಗಿ ಕೆತ್ತಿ ಜೋಡಿಸುತ್ತಾರೆ. ಗರುಡನಿಗೆ 12 ಭಾಗಗಳಾದರೆ ಪೀಠದ ಮೇಲೆ ಕುಳಿತ ಗಣಪತಿಗೆ 22. ಜೋಡಿಸುವ ಅಂಟು ಹುಣಸೆ ಬೀಜದ್ದು. ನೆನೆಸಿ, ಒಣಗಿಸಿ, ಪುಡಿ ಮಾಡಿದ ಗೋಣಿಚೀಲದ ಚೂರಿಗೆ ಕಟ್ಟಿಗೆಯ ಹೊಟ್ಟು ಮತ್ತು ಅದೇ ಅಂಟನ್ನು ಬೆರೆಸಿದ ‘ಕಿಟ್ಟ’ವನ್ನು ಮೈತುಂಬ ಕೈಯಿಂದಲೇ ಮೆತ್ತುತ್ತಾರೆ. ಅದರ ಮೇಲೆ ಹತ್ತಿ ಬಟ್ಟೆಯ ತುಣುಕು, ಅದರ ಮೇಲೆ ಹರಳುಕಲ್ಲಿನ ಪುಡಿಯ ಲೇಪ, ಆಮೇಲೆ ಬಣ್ಣ. ದೇವಿಯ ಕೊರಳ ಸರ, ಕಿರೀಟದ ಮಣಿಗಳು ಉಬ್ಬಿ ಕಾಣುವುದು ಕಲ್ಲಿನ ಪುಡಿಗೆ ಗೋಂದು ಬೆರೆಸಿದ ಸರಕಿನಿಂದ. ಪ್ರತಿಯೊಂದು ಪದರವೂ ಒಣಗಿದ ಮೇಲೆಯೇ ಮುಂದಿನದು; ಹಿಂಗಾರಿ ಮಳೆ ಹಿಡಿದುಕೊಂಡರೆ ಅದು ಇನ್ನೂ ತಡ. ‘ಹುಣ್ಣಿವಿ ನಾಕ್ ದಿನ ಇದ್ದಾಗ ಬಂದು ಗೌರಿ ಕೊಡ್ರಿ ಅಂದ್ರ ಹೆಂಗ ಆಗತೈತ್ರೀ ಅಮ್ಮಾರ, ಶೀಗಿ ಹುಣ್ಣಿವಿಗೆ ಹೇಳಿದ್ರ ಮಾಡಿ ಕೊಡ್ತಿದ್ವಿ’ ಎಂದು ಆ ಮನೆಯ ಹಿರಿಯರು ಹೇಳಿದರು. ನಮ್ಮ ಬೀಗರ ಮನೆಗೆ ಆ ವರ್ಷ ಗೌರಿ ಹೋಗಲಿಲ್ಲ, ಸಿದ್ಧವಿದ್ದ ಒಂದು ಗಿಳಿ ಹೋಯಿತು.

ಅವರ ಆ ಮಾತೇ ನನ್ನ ಸಲಹೆ. ಹಬ್ಬದ ಮೇಳವನ್ನು ಹಬ್ಬದ ವಾರದಲ್ಲಿ ಇಟ್ಟುಕೊಂಡರೆ ಅಲ್ಲಿಗೆ ಬರುವುದು ಅಚ್ಚಿನ ಮಾಲು ಮಾತ್ರ, ಏಕೆಂದರೆ ರಾಶಿ ರಾಶಿಯಾಗಿ ತಂದು ಸುರಿಯಲು ಅದಕ್ಕಷ್ಟೇ ಸಾಧ್ಯ. ಅದರ ಬದಲು ಶೀಗಿ ಹುಣ್ಣಿಮೆಯ ಆಸುಪಾಸಿನಲ್ಲಿ, ಅಂದರೆ ಗೌರಿ ಹುಣ್ಣಿಮೆಗೆ ಒಂದು ತಿಂಗಳು ಮೊದಲು, ಎರಡು-ಮೂರು ದಿನದ ಮುಂಗಡದ ಮೇಳವನ್ನು ನಡೆಸಬೇಕು. ಕಲಾವಿದರು ಮಾದರಿಗೆಂದು ನಾಲ್ಕೈದು ವಸ್ತು ತಂದರೆ ಸಾಕು. ಕೊಳ್ಳುವವರು ನೋಡಿ, ಅಳತೆ-ಬಣ್ಣ ಹೇಳಿ, ಅರ್ಧ ಹಣ ಕೊಟ್ಟು ಚೀಟಿ ಪಡೆಯಲಿ. ದೀಪಾವಳಿ ಪಾಡ್ಯದ ಮರುದಿನ ಅದೇ ಜಾಗದಲ್ಲಿ ವಸ್ತು ಒಯ್ಯಲಿ. ಮಾಡುವವರಿಗೆ ಬಂಡವಾಳ ಮೊದಲೇ ಸಿಗುತ್ತದೆ, ಮಾರಾಟವಾಗದೆ ಉಳಿದ ಗೊಂಬೆಗಳನ್ನು ಬಾಡಿಗೆ ಗಾಡಿಯಲ್ಲಿ ಮರಳಿ ಹೊರುವ ಪಾಡೂ ತಪ್ಪುತ್ತದೆ.

ಇದು ಕಿನ್ನಾಳಕ್ಕೆ ಮಾತ್ರ ಸಲ್ಲುವ ಮಾತಲ್ಲ. ಸಂಡೂರಿನ ಲಂಬಾಣಿ ಕಸೂತಿಯೂ ಹಾಗೆಯೇ, ಕನ್ನಡಿ, ಕವಡೆಗಳನ್ನು ಕೂಡಿಸಿ ಒಂದೊಂದೇ ಹೊಲಿಗೆಯಾಗಿ ಬೆಳೆಯುವ ಕೆಲಸ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಂಸ್ಕೃತಿ ಸಭೆ ನಡೆದಾಗ ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಮಹಿಳೆಯರು ಮಾಡಿದ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೆ ಸೇರಿತು. ನಾನು ಹೋದ ಮೇಳದಲ್ಲಿ ಲಂಬಾಣಿ ಕೆಲಸವೆಂದು ತೂಗುಹಾಕಿದ್ದ ಚೀಲಗಳಲ್ಲಿ ಕನ್ನಡಿಗಳು ಪ್ಲಾಸ್ಟಿಕ್ಕಿನವು, ಹೊಲಿಗೆ ಯಂತ್ರದ್ದು. ಆನೆಗೊಂದಿಯ ಹೆಣ್ಣುಮಕ್ಕಳು ಬಾಳೆಯ ನಾರಿನಿಂದ ಹೆಣೆಯುವ ಬುಟ್ಟಿ, ಚೀಲಗಳಂತೂ ಅಲ್ಲಿ ಇರಲೇ ಇಲ್ಲ.

ಕಿನ್ನಾಳದ ಆಟಿಕೆಗೂ ಸಂಡೂರಿನ ಕಸೂತಿಗೂ ಭೌಗೋಳಿಕ ಸೂಚಕದ (ಜಿಐ), ಅಂದರೆ ಇಂಥ ಊರಿನದೇ ವಸ್ತುವೆಂಬ ಗುರುತಿನ, ಮಾನ್ಯತೆಯಿದೆ. ಇದಕ್ಕೆಂದೇ 1999ರಲ್ಲಿ ಆದ ಕಾಯ್ದೆಯ ಪ್ರಕಾರ ಆ ಹೆಸರನ್ನು ಬಳಸುವ ಹಕ್ಕು ನೋಂದಾಯಿತ ಅಧಿಕೃತ ಬಳಕೆದಾರರದು. ಆದ್ದರಿಂದ ಮಳಿಗೆ ಹಂಚುವ ಅಧಿಕಾರಿಗಳು ‘ಕಿನ್ನಾಳ’ ಎಂದು ಬೋರ್ಡು ಹಾಕುವವರಿಂದ ಆ ನೋಂದಣಿಯ ಪ್ರತಿಯನ್ನು ಕೇಳಿ ಪಡೆಯುವುದು ಕಷ್ಟದ ಕೆಲಸವೇನೂ ಅಲ್ಲ. ಇನ್ನೂ ಸುಲಭದ ಪರೀಕ್ಷೆಯೆಂದರೆ, ಕುಶಲಕರ್ಮಿಯೇ ಮಳಿಗೆಯಲ್ಲಿ ಕುಳಿತು ಕೆಲಸ ಮಾಡುತ್ತಿರಬೇಕೆಂದು ಷರತ್ತು ಹಾಕುವುದು. ಕಿಟ್ಟ ಕಲಸಲು ಬಾರದವರು ತಾವಾಗಿಯೇ ದೂರ ಉಳಿಯುತ್ತಾರೆ.

ಕೊಳ್ಳುವ ನಮ್ಮದೂ ಒಂದು ತಪ್ಪಿದೆ. ಬೆಳ್ಳಿ ಅಂಗಡಿಯಲ್ಲಿ ಹೇಳಿದ ಮಜೂರಿಯನ್ನು ಮಾತಿಲ್ಲದೆ ಕೊಡುವ ನಾನೇ ಕಿನ್ನಾಳದ ಆ ಪಡಸಾಲೆಯಲ್ಲಿ ಗಿಳಿಗೆ ನೂರು ರೂಪಾಯಿ ಕಡಿಮೆ ಮಾಡಿ ಎಂದು ಕೇಳಿದ್ದೆ. ಅವರು ಕಡಿಮೆ ಮಾಡಿದರು, ನಾನು ತೆಗೆದುಕೊಂಡು ಬಂದೆ. ಈ ವರ್ಷ ಸೊಸೆಯ ಮೊದಲ ಗೌರಿ ಹುಣ್ಣಿಮೆ ನಮ್ಮ ಮನೆಯಲ್ಲೇ. ನವರಾತ್ರಿ ಮುಗಿಯುವುದರೊಳಗೆ ಆ ಮನೆಗೆ ಮುಂಗಡ ಕೊಟ್ಟು ಬರುತ್ತೇನೆ, ಹಿಂದಿನ ನೂರು ರೂಪಾಯಿಯನ್ನೂ ಸೇರಿಸಿ.

ಇಂತಿ,
ನಿವೃತ್ತ ಶಿಕ್ಷಕಿ, ಕೊಪ್ಪಳ