ಪುಟ್ಟಿಯ ಕೈ ಮತ್ತು ಒಂದು ಗೇಣು ಚಕ್ಕೆ

ಅಮ್ಮನಿಗೆ ಮೀನಾ ಮಾಡುವ ನಮಸ್ಕಾರಗಳು. ಉಭಯ ಕುಶಲೋಪರಿ.

ನಿನ್ನ ಕಾಗದ ಮಂಗಳವಾರ ಕೈಸೇರಿತು. ಫೋನಿನಲ್ಲಿ ನೀನೂ ಅತ್ತುಬಿಟ್ಟೆ, ನಾನೂ ಅತ್ತುಬಿಟ್ಟೆ, ಹೇಳಬೇಕಾದ್ದು ಒಂದನ್ನೂ ಹೇಳಿಕೊಳ್ಳಲಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಮೊದಲನೆಯ ಮಾತು, ಪುಟ್ಟಿ ಚೆನ್ನಾಗಿದ್ದಾಳೆ. ಎರಡನೆಯದೂ ಅದೇ. ಊಟ, ನಿದ್ದೆ ಎಲ್ಲ ಸರಿಯಾಗಿದೆ. ಪಾರ್ಕಿನಲ್ಲಿ ಬಿದ್ದು ಪೆಟ್ಟಾದ ಬಲಗೈಯನ್ನು ಪ್ಲಾಸ್ಟರಿನಲ್ಲಿ ಕಟ್ಟಿಹಾಕಿದ್ದರಿಂದ ತಮ್ಮನಿಗೆ ಎಡಗೈಯಲ್ಲಿ ಹೊಡೆಯುವುದನ್ನು ಕಲಿತಿದ್ದಾಳೆ. ಇಲ್ಲಿ ಅಮೆರಿಕದಲ್ಲಿ ಪ್ಲಾಸ್ಟರಿನಲ್ಲೂ ಬಣ್ಣಗಳಿವೆ, ಸೀರೆ ತೋರಿಸಿದ ಹಾಗೆ ಒಂದೊಂದೇ ತೋರಿಸಿ ಯಾವುದು ಬೇಕು ಅಂತ ಕೇಳಿದರು. ಇವಳು ಅಳು ನಿಲ್ಲಿಸಿ ನೇರಳೆ ಆರಿಸಿದಳು.

ಮೂಳೆ ಎರಡು ತುಂಡಾಗಿದೆ ಅಂತ ಶಾಂತಕ್ಕ ಹೇಳಿದಳಂತೆ. ತುಂಡಾಗಿಲ್ಲ ಅಮ್ಮ. ಹಸಿ ಕಡ್ಡಿ ಬಗ್ಗಿಸಿದರೆ ಒಂದು ಪಕ್ಕ ಸೀಳಿ ಇನ್ನೊಂದು ಪಕ್ಕ ಹಾಗೇ ಹಿಡಿದುಕೊಂಡಿರುತ್ತದಲ್ಲ, ಮಕ್ಕಳ ಮೂಳೆಯೂ ಹಾಗೇ. ಅದಕ್ಕೆ ಗ್ರೀನ್‌ಸ್ಟಿಕ್ ಅಂತಲೇ ಹೆಸರು. ಇನ್ನು ಮೂರು ವಾರಕ್ಕೆ ಬಿಚ್ಚುತ್ತಾರೆ. ಕೈ ಸೊಟ್ಟಗಾಗುವುದಿಲ್ಲ ಅಂತ ಡಾಕ್ಟರು ಎಕ್ಸ್‌ರೇ ತೋರಿಸಿಯೇ ಹೇಳಿದರು. ಏಳು ವರ್ಷದವಳ ಮದುವೆಯ ಚಿಂತೆಯನ್ನು ಸದ್ಯಕ್ಕೆ ಬಿಡು.

ಈಗ ನಿನ್ನ ಕಾಗದದ ಆ ಸಾಲಿಗೆ ಬರುತ್ತೇನೆ. ಇನ್ನು ಆ ಪಾರ್ಕಿನ ಕಡೆ ಮಗುವನ್ನು ಕಳಿಸಬೇಡ, ಮನೆಯೊಳಗೇ ಆಡಿಕೊಂಡಿರಲಿ ಅಂತ ಬರೆದಿದ್ದೀಯ. ಸುಳ್ಳು ಯಾಕೆ, ಬಿದ್ದ ಮೊದಲ ವಾರ ನಾನೂ ಅದನ್ನೇ ಮಾಡಿದೆ. ಸಂಜೆಯಾದರೆ ಬಾಗಿಲು ಹಾಕಿಕೊಂಡು ಕೂತೆವು. ಒಂದು ದಿನ ಧಡ್ ಅಂತ ಸದ್ದಾಯಿತು. ಹೋಗಿ ನೋಡಿದರೆ ಮಹರಾಯಿತಿ ಪ್ಲಾಸ್ಟರಿನ ಕೈ ಮೇಲೆತ್ತಿಕೊಂಡು ಸೋಫಾದ ನೆತ್ತಿಯಿಂದ ಧುಮುಕಿ ನಿಂತಿದ್ದಾಳೆ. ಕೆಳಗೆ ಗಟ್ಟಿ ಮರದ ನೆಲ. ಇವರು ಏನೂ ಹೇಳಲಿಲ್ಲ, ನನ್ನ ಮುಖ ನೋಡಿದರು ಅಷ್ಟೆ.

ಮಾರನೆಯ ದಿನ ಅವಳ ಸ್ಕೂಲಿನ ಸ್ಕೇಲ್ ಹಿಡಿದುಕೊಂಡು ನಾನೇ ಪಾರ್ಕಿಗೆ ಹೋದೆ. ಅವಳು ಬಿದ್ದದ್ದು ಮಂಕಿ ಬಾರ್‌ನಿಂದ. ಏಣಿಯನ್ನು ಎತ್ತರದಲ್ಲಿ ಅಡ್ಡ ಮಲಗಿಸಿ ಕಟ್ಟಿದ ಹಾಗಿರುತ್ತದೆ, ಕೈಯಲ್ಲಿ ಜೋತುಬಿದ್ದು ಒಂದೊಂದೇ ಕಂಬಿ ದಾಟಬೇಕು. ಕೆಳಗೆ ಮರದ ಚಕ್ಕೆ ಹರಡಿರುತ್ತಾರೆ. ಅಂಚಿನಲ್ಲಿ ಸ್ಕೇಲ್ ಊರಿದೆ, 9 ಇಂಚು ಸರಾಗವಾಗಿ ಇಳಿಯಿತು. ಅವಳು ಬಿದ್ದ ಮೂರನೆಯ ಕಂಬಿಯ ಕೆಳಗೆ ಊರಿದರೆ 2 ಇಂಚಿಗೇ ಟಕ್ ಅಂತ ನಿಂತಿತು. ಮಕ್ಕಳು ಇಳಿದಿಳಿದು ಚಕ್ಕೆಯೆಲ್ಲ ಪಕ್ಕಕ್ಕೆ ಸರಿದು ಬಾಣಲೆಯಂಥ ಗುಳಿಯಾಗಿದೆ, ತಳದಲ್ಲಿ ಬರೀ ಗಟ್ಟಿ ಮಣ್ಣು. ಅಲ್ಲೇ ಕುಕ್ಕರುಗಾಲಲ್ಲಿ ಕೂತು ಅತ್ತುಬಿಟ್ಟೆ. ನಾಯಿ ಕರೆದುಕೊಂಡು ಹೋಗುತ್ತಿದ್ದ ಒಬ್ಬಾಕೆ ಏನಾದರೂ ಕಳೆದುಹೋಯಿತೇ ಅಂತ ಕೇಳಿದಳು.

ಇಲ್ಲಿ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಅಂತ ಸರ್ಕಾರದ್ದೊಂದು ಇದೆ. ಮಕ್ಕಳ ಆಟದ ಜಾಗಕ್ಕೆ ಅಂತಲೇ ಕೈಪಿಡಿ ಮಾಡಿದೆ, 1981ರಿಂದ ತಿದ್ದುತ್ತಾ ಬಂದಿದ್ದಾರೆ. ಅದರ ಪ್ರಕಾರ ಚಕ್ಕೆ 9 ಇಂಚು ಇದ್ದರೆ 10 ಅಡಿ ಎತ್ತರದಿಂದ ಬಿದ್ದರೂ ತಡೆಯುತ್ತದೆ. ಅದೇ 9 ಇಂಚು ಮರಳಾದರೆ 4 ಅಡಿಗೆ ಮಾತ್ರ. ಮರಳು ಮೆತ್ತಗಿರುತ್ತದೆ ಅಂತ ನಾನು ಇಷ್ಟು ವರ್ಷ ನಂಬಿದ್ದೆ! 9 ಇಂಚು ಅಂದರೆ ನಮ್ಮ ಅಜ್ಜಿಯ ಲೆಕ್ಕದ ಒಂದು ಗೇಣು. ಒಂದು ಗೇಣು ಇದ್ದಿದ್ದರೆ ಕೈ ಉಳಿಯುತ್ತಿತ್ತು ಅಂತ ಆಣೆ ಮಾಡಲಾರೆ, ಯಾಕೆಂದರೆ ಈ ಲೆಕ್ಕವೆಲ್ಲ ತಲೆ ಉಳಿಸುವುದಕ್ಕೆ ಹಾಕಿದ್ದು. ನೆಲವನ್ನು ಪರೀಕ್ಷಿಸುವ ರೀತಿ ಕೇಳಿದರೆ ನಗುತ್ತೀಯ. ಲೋಹದ ಅರ್ಧ ಚೆಂಡಿನಂಥ ಒಂದು ‘ತಲೆ’ಯೊಳಗೆ ಯಂತ್ರ ಇಟ್ಟು ಮೇಲಿಂದ ಕೆಡವುತ್ತಾರೆ. ಏಟಿನ ಲೆಕ್ಕ 1000 ದಾಟಿದರೆ ನೆಲ ಫೇಲು. ತಲೆ ಬೀಳಿಸುವುದೇ ಇಲ್ಲಿ ಕೆಲವರಿಗೆ ಉದ್ಯೋಗ ಅಮ್ಮ, ಸಂಬಳವೂ ಉಂಟು.

ಇನ್ನೊಂದು ತಮಾಷೆ. ಸೈಕಲ್ಲಿಗೆ ಹೆಲ್ಮೆಟ್ ಹಾಕದಿದ್ದರೆ ಬೈಯುವ ಇದೇ ಜನ ಆಟದ ಏಣಿ ಹತ್ತುವ ಮುಂಚೆ ಅದನ್ನು ತೆಗೆಸುತ್ತಾರೆ, ಹೆಲ್ಮೆಟ್ಟಿನ ಸಮೇತ ತಲೆ ಕಂಬಿಗಳ ನಡುವೆ ಸಿಕ್ಕಿಕೊಳ್ಳುತ್ತದೆ ಅಂತ. ಅಪ್ಪನಿಗೂ ಹೇಳು. ಬಂದಿದ್ದಾಗ ಪುಟ್ಟಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಜಾರುಬಂಡೆಯಲ್ಲಿ ಜಾರಿದರಲ್ಲ, ನಾವೆಲ್ಲ ಚಪ್ಪಾಳೆ ಹೊಡೆದೆವಲ್ಲ, ಅದೇ ತಪ್ಪಂತೆ. ಮಗುವಿನ ಕಾಲು ಪಕ್ಕಕ್ಕೆ ಸಿಕ್ಕಿದರೆ ದೊಡ್ಡವರ ಭಾರಕ್ಕೆ ನಿಲ್ಲಿಸಲಾಗುವುದಿಲ್ಲ, ಕಾಲಿನ ಮೂಳೆ ಹೋಗುತ್ತದೆ. ಒಬ್ಬಳೇ ಜಾರಿದರೇ ಕ್ಷೇಮ. ಅಪ್ಪ ಬೇಜಾರು ಮಾಡಿಕೊಳ್ಳುವುದು ಬೇಡ, ಆಗ ಏನೂ ಆಗಲಿಲ್ಲವಲ್ಲ.

ಅಣ್ಣನಿಗೆ ಮುಂದಿನದನ್ನು ಓದಿ ಹೇಳು, ಇಲ್ಲವೇ ಕಾಗದವನ್ನೇ ಕೊಡು. ಅಲ್ಲಿ ಮಕ್ಕಳಿಗೆ ಅವನು ಹಾಕಿಸಿದ ಉಯ್ಯಾಲೆಯ ಫೋಟೋ ನೋಡಿದೆ. ಉಯ್ಯಾಲೆ ಗಟ್ಟಿಮುಟ್ಟಾಗಿದೆ, ಆದರೆ ಅದರ ಕೆಳಗೆ ಸಿಮೆಂಟ್ ಹಾಕಿಸಿ ಟೈಲ್ಸ್ ಕೂರಿಸುತ್ತಾನಂತೆ, ನೀಟಾಗಿರುತ್ತದಂತೆ. ಕೈಮುಗಿಯುತ್ತೇನೆ, ಬೇಡ. ಹುಲ್ಲನ್ನೂ ನಂಬಬಾರದು, ಓಡಾಟಕ್ಕೆ ಸವೆದು ಮಣ್ಣಾಗುತ್ತದೆ. ಚಕ್ಕೆ ಸಿಕ್ಕರೆ 12 ಇಂಚು ಸುರಿಸಲಿ, ತುಳಿದು ತುಳಿದು 9ಕ್ಕೆ ನಿಲ್ಲುತ್ತದೆ. ಸುರಿಯುವ ಮುಂಚೆ ನೀರು ಹರಿದುಹೋಗಲು ದಾರಿ ಮಾಡಿಸಲಿ. ಸುತ್ತ 6 ಅಡಿ, ಅಂದರೆ ಒಂದು ಮಾರು, ಏನೂ ಇರಬಾರದು. ಉಯ್ಯಾಲೆಗಾದರೆ ಹಿಂದೆ ಮುಂದೆ ಅದನ್ನು ತೂಗುಹಾಕಿದ ಎತ್ತರದ ಎರಡರಷ್ಟು, 8 ಅಡಿಯಲ್ಲಿ ಕಟ್ಟಿದ್ದರೆ ಒಂದೊಂದು ಕಡೆಗೂ 16 ಅಡಿ. ಫೋಟೋದಲ್ಲಿ ಕಲ್ಲುಬೆಂಚು ಎದುರಿಗೇ ಕಾಣುತ್ತಿದೆ, ಅದನ್ನು ಎತ್ತಿಸಲಿ. ರಬ್ಬರ್ ಹಾಸು ಒಳ್ಳೆಯದೇ, ಆದರೆ ಬಿಸಿಲಿಗೆ ಕಾದು ಬರಿಗಾಲನ್ನು ಸುಟ್ಟುಬಿಡುತ್ತದೆ, ನೆರಳು ಬೇಕು. ಮುಖ್ಯವಾದದ್ದು, ಉಯ್ಯಾಲೆಯ ಕೆಳಗಿನ ಗುಳಿಗೆ ಆಗಾಗ ಯಾರಾದರೂ ಚಕ್ಕೆ ಎಳೆದು ಹಾಕುತ್ತಿರಬೇಕು. ಉದ್ಘಾಟನೆಗೆ ಜನ ಸಿಗುತ್ತಾರೆ, ಇದಕ್ಕೆ ಸಿಗುವುದಿಲ್ಲ. ಇಲ್ಲೂ ಅಷ್ಟೆ. ಉಸ್ತುವಾರಿಯವರಿಗೆ ಎರಡು ಸಲ ಬರೆದೆ, ಒಂದು ನರಪಿಳ್ಳೆಯೂ ಬರಲಿಲ್ಲ. ಕೊನೆಗೆ ಶನಿವಾರ ಇವರೇ ಸನಿಕೆ ಹಿಡಿದುಕೊಂಡು ಹೋಗಿ ಗುಳಿ ತುಂಬಿದರು. ನಿನ್ನ ಅಳಿಯಂದಿರು ಅಮೆರಿಕದಲ್ಲಿ ಚಕ್ಕೆ ಎಳೆಯುತ್ತಾರೆ ಅಂತ ಶಾಂತಕ್ಕನ ಕಿವಿಗೆ ಹಾಕಬೇಡ.

ಅವಳನ್ನು ಮನೆಯಲ್ಲಿ ಕೂರಿಸಲಾರೆ ಅಮ್ಮ, ಕೋಪ ಮಾಡಿಕೊಳ್ಳಬೇಡ. 5ರಿಂದ 17 ವರ್ಷದ ಮಕ್ಕಳು ಸರಾಸರಿ ದಿನಕ್ಕೆ 60 ನಿಮಿಷವಾದರೂ ಉಸಿರು ಜೋರಾಗುವಷ್ಟು ಮೈ ದಣಿಸಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯವರೇ ಹೇಳಿದ್ದಾರೆ. ಹೊರಗಿನ ಬೆಳಕಿನಲ್ಲಿ ಆಡುವ ಮಕ್ಕಳಿಗೆ ದೂರದೃಷ್ಟಿ ಮಸುಕಾಗುವುದೂ ಕಡಿಮೆ. ನಮ್ಮ ಮನೆಯ ಕನ್ನಡಕಗಳನ್ನು ಒಂದು ಸಲ ಎಣಿಸಿ ನೋಡು. ಹತ್ತಲು ಬಿಡುತ್ತಿಲ್ಲ, ಪ್ಲಾಸ್ಟರ್ ಬಿಚ್ಚುವವರೆಗೂ ನೆಲದ ಮೇಲಿನ ಆಟವೇ, ನಾನೂ ಪಕ್ಕದಲ್ಲೇ ಇರುತ್ತೇನೆ. ನಿನ್ನೆ ತಮ್ಮ ಕಂಬಿ ಹಿಡಿಯಲು ಹೋದರೆ ಇವಳು ಅಡ್ಡ ನಿಂತು, ಚಕ್ಕೆಯಲ್ಲಿ ತನ್ನ ಪುಟ್ಟ ಗೇಣು ಹಾಕಿ ಅಳೆದು, “ಅಜ್ಜಿಯ ಗೇಣು ದೊಡ್ಡದಾ ಅಮ್ಮ?” ಅಂತ ಕೇಳಿದಳು. ಫೋನ್ ಮಾಡಿದಾಗ ನೀನೇ ಹೇಳು.

ಏನೂ ಆಗಿಲ್ಲ, ಏನೂ ಆಗುವುದಿಲ್ಲ. ಅಯ್ಯೋ, ಬಾತ್‌ರೂಮಿನಲ್ಲಿ ನೀರಿನ ಸದ್ದು ಕೇಳುತ್ತಿದೆ, ಪ್ಲಾಸ್ಟರಿಗೆ ಕವರ್ ಕಟ್ಟಿದೆನೋ ಇಲ್ಲವೋ. ಅಪ್ಪನಿಗೆ ನಮಸ್ಕಾರ, ಮಾತ್ರೆ ಮರೆಯಬೇಡ.

ಇಂತಿ ನಿನ್ನ,
ಮೀನಾ